ಎಲ್ಕ್ ಶಿಕಾರಿಗೆ ದೂರದ ಕೋವಿ: ಒಂದೂವರೆ ಸಾವಿರ ಡಾಲರಿನ ಲೆಕ್ಕ

ಡೆನ್ವರಿನಲ್ಲಿರುವ ನಮ್ಮ ಕಡೆಯ ಹುಡುಗನೊಬ್ಬ ಹೋದ ತಿಂಗಳು ಫೋನು ಮಾಡಿದ್ದ. "ಅಣ್ಣಾ, ಈ ಸಲ ನಾನೂ ಎಲ್ಕ್ ಟ್ಯಾಗ್, ಅಂದ್ರೆ ಶಿಕಾರಿ ಪರ್ಮಿಟ್ಟು, ತಗೊಳ್ತಿದೀನಿ. ಐನೂರು ಗಜಕ್ಕೆ ಹೊಡೆಯೋ ಕೋವಿ ಬೇಕು, ಒಂದೂವರೆ ಸಾವಿರ ಡಾಲರ್ ಒಳಗೆ. ಯಾವ್ದು ತಗೊಳ್ಳಲಿ ಹೇಳಿ." ಮುಕ್ಕಾಲು ಗಂಟೆ ಮಾತಾಡಿದೆ. ಫೋನಿಟ್ಟ ಮೇಲೆ ನೋಡಿದರೆ ಹೇಳಬೇಕಾದ್ದರಲ್ಲಿ ಅರ್ಧ ಹೇಳೇ ಇರಲಿಲ್ಲ. ಅದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಕೊಲರಾಡೊದ ಪಶ್ಚಿಮಕ್ಕೆ, ಗ್ರ್ಯಾಂಡ್ ಜಂಕ್ಷನ್‌ನಲ್ಲಿ. ಬಂದು ಹನ್ನೆರಡು ವರ್ಷವಾಯಿತು. ಅದಕ್ಕೆ ಮುಂಚೆ ಅಜ್ಜನ ಜೋಡುನಳಿಗೆ ತೋಟಾ ಕೋವಿಯನ್ನು ಒರೆಸಿ ಎಣ್ಣೆ ಹಚ್ಚಿದ್ದಷ್ಟೇ ನನ್ನ ಅನುಭವ. ಅದು ಮೂವತ್ತು ನಲವತ್ತು ಗಜದ ಕೋವಿ. ಇಲ್ಲಿ ಕಣಿವೆಯ ಈಚೆ ನೀವು, ಆಚೆ ಇಳಿಜಾರಿನಲ್ಲಿ ಎಲ್ಕ್. ನಮ್ಮ ಕಡವೆಯ ದೊಡ್ಡಣ್ಣ ಅನ್ನಿ. ಬೆಳೆದ ಗಂಡು ಏಳುನೂರು ಪೌಂಡ್, ಅಂದರೆ ಮುನ್ನೂರು ಕೆಜಿಗೂ ಮೇಲೆ ತೂಗುತ್ತದೆ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಮೊದಲ ವರ್ಷ ಅಂಗಡಿಯಲ್ಲಿ ಕಂಡ ಹಗುರವಾದ .300 ವಿಂಚೆಸ್ಟರ್ ಮ್ಯಾಗ್ನಮ್ (ಮದ್ದು ಹೆಚ್ಚು ಹಿಡಿಯುವ ದೊಡ್ಡ ತೋಟಾದ ಕೋವಿ) ತಗೊಂಡೆ, 900 ಡಾಲರ್ ಕೊಟ್ಟು. ಜೇಬಿನಲ್ಲಿ ಉಳಿದದ್ದರಲ್ಲಿ 140 ಡಾಲರಿನ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು. ತೋಟಾ ಎರಡೇ ಪೆಟ್ಟಿಗೆ. ನವೆಂಬರಿನಲ್ಲಿ 420 ಗಜದಲ್ಲಿ ನಿಂತಿದ್ದ ಹೆಣ್ಣು ಎಲ್ಕ್‌ಗೆ ಈಡು ಹಾರಿಸಿದೆ. ಅದು ತಲೆಯೆತ್ತಿ ನೋಡಿ, ಆಮೇಲೆ ಓಡಿತು. ಹಿಮದಲ್ಲಿ ಎರಡು ಗಂಟೆ ರಕ್ತದ ಗುರುತು ಹುಡುಕಿದೆ. ಒಂದು ಹನಿಯೂ ಇರಲಿಲ್ಲ. ಪೂರ್ತಿ ತಪ್ಪಿತ್ತು. ಗಾಯವಾಗಿ ಹೋಗಿದ್ದರೆ ನಾನು ಮತ್ತೆ ಕೋವಿ ಮುಟ್ಟುತ್ತಿದ್ದೆನೋ ಇಲ್ಲವೋ.

ತಪ್ಪಿದ್ದು ಯಾಕೆ ಅಂತ ಕಂಡುಹಿಡಿದದ್ದು ಪಕ್ಕದ ಮನೆಯ ಮುದುಕ. ಐವತ್ತು ವರ್ಷ ಎಲ್ಕ್ ಹೊಡೆದವನು. ಗುರಿ ಅಭ್ಯಾಸದ ರೇಂಜಿಗೆ ಕರೆದುಕೊಂಡು ಹೋಗಿ, ನನ್ನ ಕೋವಿಗೆ ತಾನೇ ತೋಟಾ ತುಂಬಿ ಕೊಡುತ್ತಿದ್ದ. ಒಮ್ಮೆ ನಿಜವಾದದ್ದು, ಒಮ್ಮೆ ಡಮ್ಮಿ, ಯಾವುದೆಂದು ಹೇಳುತ್ತಿರಲಿಲ್ಲ. ಮೂರನೆಯದು ಡಮ್ಮಿ. ಟ್ರಿಗರ್ ಎಳೆದೆ, "ಟಿಕ್" ಅಂತಷ್ಟೇ ಸದ್ದು, ಆದರೆ ನಳಿಗೆಯ ಮೂತಿ ಅರ್ಧ ಅಡಿ ಕೆಳಕ್ಕೆ ಮುಗ್ಗರಿಸಿತು. ಕಣ್ಣೂ ಮುಚ್ಚಿದ್ದೆ. ಒದೆತಕ್ಕೆ ಹೆದರಿ ಮೈ ಮೊದಲೇ ಬಗ್ಗುತ್ತಿತ್ತು. ಮುದುಕ ಏನೂ ಹೇಳಲಿಲ್ಲ, ಮುಂದಿನ ತೋಟಾ ಕೊಟ್ಟ.

ಈ ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ, ಡಮ್ಮಿ ತೋಟಾ ಹತ್ತಿಪ್ಪತ್ತು ಡಾಲರಿಗೆ ಸಿಗುತ್ತದೆ. ಕೋವಿ ಕೊಳ್ಳುವ ಮುಂಚೆಯೇ ಯಾರದ್ದಾದರೂ ಮ್ಯಾಗ್ನಮ್ ಕೇಳಿ ಪಡೆದು ಮಾಡಿ ನೋಡಿ. ಹಗುರ ಕೋವಿಯಲ್ಲಿ .300 ಮ್ಯಾಗ್ನಮ್‌ನ ಒದೆತ ಸಾಧಾರಣ .308 ತೋಟಾದ ಒದೆತಕ್ಕಿಂತ ಸುಮಾರು ಒಂದೂವರೆ ಪಟ್ಟು. ಇಪ್ಪತ್ತು ಈಡು ಆದಮೇಲೂ ಭುಜ ಇನ್ನೂ ಬೇಕು ಅನ್ನಬೇಕು, ಅದೇ ನಿಮ್ಮ ಕ್ಯಾಲಿಬರ್, ಅಂದರೆ ನಿಮಗೆ ತಕ್ಕ ಗುಂಡಿನ ಅಳತೆ. ನಳಿಗೆಯ ಮೂತಿಗೆ ಹೊಗೆಯನ್ನು ಪಕ್ಕಕ್ಕೆ ತಿರುಗಿಸುವ ಬ್ರೇಕ್ ಹಾಕಿಸಿದರೆ ಒದೆತ ಇಳಿಯುತ್ತದೆ ನಿಜ, ಆದರೆ ಪಕ್ಕದಲ್ಲಿ ಕೂತವನ ಕಿವಿ ಕಿತ್ತುಹೋಗುತ್ತದೆ.

ಯಾವ ತೋಟಾ ಅನ್ನುವುದು ಎಲ್ಲರೂ ಜಗಳವಾಡುವ ವಿಷಯ. ಕೊಲರಾಡೊ ಕಾನೂನು ಕೇಳುವುದು ಕಡಿಮೆ: ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್, 85 ಗ್ರೇನ್ (ಸುಮಾರು ಐದೂವರೆ ಗ್ರಾಂ) ತೂಕದ ಅರಳುವ ಗುಂಡು, 100 ಗಜದಲ್ಲಿ 1000 ಫುಟ್-ಪೌಂಡ್ ಶಕ್ತಿ. ಇದು ಕಾನೂನಿನ ತಳ ಅಷ್ಟೇ. ಇಲ್ಲಿನ ಹಳಬರ ಲೆಕ್ಕ ಬೇರೆ: ಗುಂಡು ಎಲ್ಕ್‌ಗೆ ತಾಗುವಾಗ 1500 ಫುಟ್-ಪೌಂಡ್ ಇರಬೇಕು, ವೇಗ ಸೆಕೆಂಡಿಗೆ 1800 ಅಡಿಗಿಂತ ಇಳಿದಿರಬಾರದು. ವೇಗ ಅದಕ್ಕಿಂತ ಇಳಿದರೆ ಬಹಳಷ್ಟು ಗುಂಡುಗಳು ಸರಿಯಾಗಿ ಅರಳುವುದಿಲ್ಲ, ಸೂಜಿಯ ಹಾಗೆ ತೂರಿ ಹೋಗುತ್ತವೆ.

ಈ ಲೆಕ್ಕಕ್ಕೆ ಇಟ್ಟು ನೋಡಿ. 6.5 ಕ್ರೀಡ್‌ಮೂರ್‌ನಲ್ಲಿ 143 ಗ್ರೇನಿನ ಗುಂಡು 2700 ಅಡಿ ವೇಗದಲ್ಲಿ ಹೊರಟರೆ 400 ಗಜ ಮುಟ್ಟುವ ಹೊತ್ತಿಗೆ 1500ರ ಕೆಳಗೆ ಇಳಿದಿರುತ್ತದೆ. ಒದೆತ ಕಡಿಮೆ, ಗುರಿ ಚೆನ್ನಾಗಿ ಕೂರುತ್ತದೆ. ಮುನ್ನೂರು ಮುನ್ನೂರೈವತ್ತು ಗಜದ ತನಕ ನನ್ನ ತಕರಾರಿಲ್ಲ. 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್‌ನಲ್ಲಿ 162 ಗ್ರೇನಿನದು 2940ಕ್ಕೆ ಹೊರಟು 500 ಗಜದಲ್ಲೂ 1700ರ ಹತ್ತಿರ ಉಳಿಸಿಕೊಳ್ಳುತ್ತದೆ. 1962ರ ತೋಟಾ ಇದು, ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಒಂದೆರಡು ಪೆಟ್ಟಿಗೆ ಇರುತ್ತದೆ. 2022ರಲ್ಲಿ ಬಂದ 7 ಎಂಎಂ ಪಿಆರ್‌ಸಿ ಇದಕ್ಕಿಂತ ಉದ್ದನೆಯ ಗುಂಡಿಗೆ ಹೇಳಿ ಮಾಡಿಸಿದ್ದು, ಆದರೆ ಸೆಕೆಂಡ್ ಹ್ಯಾಂಡ್ ಕೋವಿ ಸಿಗುವುದು ಕಷ್ಟ. ದುಡ್ಡು ನೋಡಿ ಖರ್ಚು ಮಾಡುವವನಿಗೆ ಹಳೆಯ 7 ಮ್ಯಾಗ್ ಸರಿ ಅಂತ ನನ್ನ ತೀರ್ಮಾನ. ಮಾವನದ್ದೋ ಗೆಳೆಯನದ್ದೋ .30-06 ಮನೆಯಲ್ಲಿ ಬಿದ್ದಿದ್ದರೆ ಮಾತ್ರ ಕೋವಿ ಕೊಳ್ಳಲೇಬೇಡಿ. 1906ರಿಂದ ಅದು ಎಲ್ಕ್ ಬೀಳಿಸುತ್ತಿದೆ. ಆ ದುಡ್ಡನ್ನು ಸ್ಕೋಪಿಗೆ ಹಾಕಿ.

ಗುಂಡಿನ ಬಗ್ಗೆ ಒಂದೇ ಮಾತು: ಪೆಟ್ಟಿಗೆಯ ಮೇಲೆ "ಮ್ಯಾಚ್" ಅಂತ ಬರೆದದ್ದು ಕಾಗದಕ್ಕೆ. ಎಲ್ಕ್‌ಗೆ ನೋಸ್ಲರ್ ಆಕ್ಯುಬಾಂಡ್, ಪಾರ್ಟಿಶನ್, ಹಾರ್ನಡಿ ಈಎಲ್‌ಡಿ-ಎಕ್ಸ್, ತಾಮ್ರದ್ದೇ ಬೇಕೆಂದರೆ ಬಾರ್ನ್ಸ್. ಯಾವುದು ನಿಮ್ಮ ನಳಿಗೆಗೆ ಒಗ್ಗುತ್ತದೋ ಅದು.

ಇನ್ನು ಕೋವಿ. ಆ .300 ಮಾರಿ, ನಾನು ಕೊನೆಗೆ ಇಟ್ಟುಕೊಂಡದ್ದು ಸ್ಯಾವೇಜ್ ಕಂಪನಿಯ ಸೆಕೆಂಡ್ ಹ್ಯಾಂಡ್ 110, 7 ಮ್ಯಾಗ್, 520 ಡಾಲರ್. ಸ್ಯಾವೇಜ್ ನೋಡಲು ಚಂದವಿಲ್ಲ. ತೋಟಾ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟ್ ಎಳೆದರೆ ಹಳೆ ಗೇಟಿನ ಚಿಲಕದ ಹಾಗೆ ಕಿರಗುಟ್ಟುತ್ತದೆ. ಆದರೆ ಟ್ರಿಗರನ್ನು ಮನೆಯಲ್ಲೇ ಹಗುರ ಮಾಡಿಕೊಳ್ಳಬಹುದು, ನಳಿಗೆ ಸವೆದರೆ ಬದಲಿಸುವುದು ಸಲೀಸು. ಇನ್ನೂರು ಮುನ್ನೂರು ಜಾಸ್ತಿ ಇದ್ದರೆ ಫಿನ್ಲೆಂಡಿನ ಟಿಕ್ಕಾ ಟಿ3ಎಕ್ಸ್ ತಗೊಳ್ಳಿ; ಅದರ ಬೋಲ್ಟು ಬೆಣ್ಣೆಯಲ್ಲಿ ಬೆರಳಾಡಿಸಿದಂತೆ. ಜಪಾನಿನ ಹೋವಾ 1500 ಗಟ್ಟಿ, ಕೊಂಚ ಭಾರ. ವೆದರ್‌ಬಿ ವ್ಯಾನ್‌ಗಾರ್ಡ್ ಕೂಡ ಅದೇ ಕಾರ್ಖಾನೆಯ ಮಾಲು. ರುಗರ್ ಅಮೆರಿಕನ್ ಅಗ್ಗ, ಹೊಡೆಯುವುದು ಚೆನ್ನಾಗಿ, ಹಳೆಯ ಮಾದರಿಯ ಪ್ಲಾಸ್ಟಿಕ್ ಹಿಡಿ (ನಳಿಗೆಯ ಅಡಿಯಿಂದ ಭುಜದ ತನಕ ಬರುವ ಭಾಗ) ಮಾತ್ರ ಆಟದ ಸಾಮಾನಿನ ಹಾಗೆ ಬಳುಕುತ್ತದೆ.

ಹಳೆ ಕೋವಿ ಕೊಳ್ಳುವಾಗ ನಾನು ಹೀಗೆ ನೋಡುತ್ತೇನೆ. ಮೊದಲು ಬೋಲ್ಟ್ ತೆಗೆದು ಖಾಲಿಯಿದೆ ಅಂತ ಖಾತ್ರಿ ಮಾಡಿಕೊಳ್ಳುವುದು. ಆಮೇಲೆ ನಳಿಗೆಯ ಮೂತಿಯ ಅಂಚು: ಬಡಿದ ಗುರುತು, ತೂತಿನ ಬಾಯಿಯಲ್ಲಿ ಗೀರು ಇದ್ದರೆ ಬೇಡ. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ, ತೋಟಾ ಕೂರುವ ಜಾಗದ ಮುಂದೆ ಗದ್ದೆ ಬಿರುಕುಬಿಟ್ಟ ಹಾಗೆ ಗೆರೆಗಳಿದ್ದರೆ ಯಾರೋ ಚೆನ್ನಾಗಿ ಸುಟ್ಟಿದ್ದಾರೆ ಅಂತ ಅರ್ಥ. ಮ್ಯಾಗ್ನಮ್ ನಳಿಗೆಗಳು ಅಲ್ಲೇ ಮೊದಲು ಸವೆಯುವುದು. ಮಾರುವವನು ಒಪ್ಪಿದರೆ ಹಿಡಿ ಬಿಚ್ಚಿಸಿ ಅಡಿಯಲ್ಲಿ ತುಕ್ಕು ನೋಡಿ. ಕೊನೆಗೆ ಒಂದು ಡಾಲರ್ ನೋಟು ತೆಗೆದು ನಳಿಗೆಗೂ ಹಿಡಿಗೂ ನಡುವೆ ತೂರಿಸಿ ಹಿಂದಕ್ಕೆ ಎಳೆಯುತ್ತಾ ಬರುವುದು. ಎಲ್ಲೂ ಸಿಕ್ಕಿಕೊಳ್ಳದೆ ರಿಸೀವರಿನ, ಅಂದರೆ ಬೋಲ್ಟ್ ಕೂರುವ ಭಾಗದ, ತನಕ ಬರಬೇಕು. ನನ್ನದರಲ್ಲಿ ಎಡಗಡೆ ಒಂದು ಕಡೆ ಸಿಕ್ಕಿಕೊಂಡಿತು. ಮರಳು ಕಾಗದವನ್ನು ದಪ್ಪ ಪೆನ್ನಿಗೆ ಸುತ್ತಿ ಇಪ್ಪತ್ತು ನಿಮಿಷ ಉಜ್ಜಿದೆ, ಮುಗಿಯಿತು.

ಕಾಗದಪತ್ರದ ವಿಷಯ. ಅಂಗಡಿಯಲ್ಲಿ ಫೆಡರಲ್ 4473 ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಆಗುತ್ತದೆ. ಕೊಲರಾಡೊದಲ್ಲಿ ಖಾಸಗಿಯಾಗಿ ಕೊಂಡರೂ ಸಾಮಾನ್ಯವಾಗಿ ಲೈಸೆನ್ಸ್ ಇರುವ ಡೀಲರ್ ಮೂಲಕವೇ ತಪಾಸಣೆ ಆಗಬೇಕು. 2023ರ ಅಕ್ಟೋಬರ್‌ನಿಂದ ಮೂರು ದಿನ ಕಾಯುವ ನಿಯಮ ಬಂದಿದೆ; 2025ರ ಏಪ್ರಿಲ್‌ನಿಂದ ಕೋವಿ, ತೋಟಾ ಎರಡರ ಮೇಲೂ 6.5 ಶೇಕಡಾ ರಾಜ್ಯದ ಹೆಚ್ಚುವರಿ ತೆರಿಗೆ, ಅಂಗಡಿಯವನು ಅದನ್ನು ನಿಮ್ಮ ಬಿಲ್ಲಿಗೇ ದಾಟಿಸುತ್ತಾನೆ. ನಮ್ಮವರು ತಿಳಿದಿರಬೇಕಾದ ಮುಖ್ಯ ವಿಷಯ: ಎಚ್-1ಬಿಯಂಥ ವೀಸಾದ ಮೇಲೆ ಇರುವವರು ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಕೋವಿ, ತೋಟಾ ಇಟ್ಟುಕೊಳ್ಳುವಂತಿಲ್ಲ. ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ವೀಸಾದವರು ಗೆಳೆಯನ ಕೋವಿ ಹಿಡಿದು ಫೋಟೋ ತೆಗೆಸಿಕೊಳ್ಳುವ ಮುಂಚೆಯೂ ವಕೀಲರನ್ನು ಕೇಳಿ. ಲೈಸೆನ್ಸಿಗೆ ಹಂಟರ್ ಎಜುಕೇಶನ್ ಕಾರ್ಡ್ ಬೇಕು. 1949ರ ಜನವರಿ 1 ಮತ್ತು ಆಮೇಲೆ ಹುಟ್ಟಿದ ಎಲ್ಲರಿಗೂ, ಅಂದರೆ ಇದನ್ನು ಓದುತ್ತಿರುವ ಹೆಚ್ಚುಕಮ್ಮಿ ಎಲ್ಲರಿಗೂ.

ಈಗ ಸ್ಕೋಪ್. ಆ ಹುಡುಗನಿಗೆ ಹೇಳಿದ್ದರಲ್ಲಿ ಒಂದೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಲಿ. ಐನೂರು ಗಜಕ್ಕೆ ಹೊಡೆಯಬೇಕಾದರೆ ಸ್ಕೋಪಿನ ಮೇಲಿನ ತಿರುಗಣೆ ತಿರುಗಿಸಿ ಗುರಿ ಎತ್ತಬೇಕು. ಸ್ಕೋಪ್ ಎಷ್ಟು ಹೇಳುತ್ತದೋ ಅಷ್ಟೇ ಎತ್ತಬೇಕು, ಮತ್ತೆ ಸೊನ್ನೆಗೆ, ಅಂದರೆ ಮೊದಲು ಹೊಂದಿಸಿಟ್ಟ ಗುರಿಗೆ, ತಂದರೆ ಸೊನ್ನೆಗೇ ಬರಬೇಕು. ಅಗ್ಗದ ಸ್ಕೋಪುಗಳು ಸೋಲುವುದು ಇಲ್ಲೇ. ಗಾಜು ಮಾತ್ರ ಫಳಫಳ ಹೊಳೆಯುತ್ತಿರುತ್ತದೆ.

ಪರೀಕ್ಷೆ ಮಾಡುವುದು ಹೀಗೆ. ಎರಡೂವರೆ ಅಡಿ ಎತ್ತರದ ರಟ್ಟು ತೆಗೆದುಕೊಂಡು, ಮೇಲಿನಿಂದ ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು, ಅದರ ನೇರಕ್ಕೆ ಮಾರ್ಕರಿನಲ್ಲಿ ಉದ್ದ ಗೆರೆ ಎಳೆಯಿರಿ. ಗೆರೆಯ ಕೆಳತುದಿಯಲ್ಲಿ ಒಂದು ಚುಕ್ಕೆ. ಸರಿಯಾಗಿ ಟೇಪ್ ಹಿಡಿದು ಅಳೆದ 100 ಗಜದಲ್ಲಿ ನಿಲ್ಲಿಸಿ ಚುಕ್ಕೆಗೆ ಮೂರು ಈಡು. ಈಗ 5 ಮಿಲ್ (ತಿರುಗಣೆಯ ಕೋನದ ಅಳತೆ) ಮೇಲಕ್ಕೆ ತಿರುಗಿಸಿ, ಅದೇ ಚುಕ್ಕೆಗೆ ಗುರಿಯಿಟ್ಟು ಮತ್ತೆ ಮೂರು. 100 ಗಜದಲ್ಲಿ ಒಂದು ಮಿಲ್ ಅಂದರೆ 3.6 ಇಂಚು, ಹಾಗಾಗಿ ಎರಡನೇ ಗುಂಪು ಮೊದಲನೆಯದಕ್ಕಿಂತ 18 ಇಂಚು ಮೇಲೆ, ಗೆರೆಯ ಮೇಲೇ ಬೀಳಬೇಕು. ಸೊನ್ನೆಗೆ ತಿರುಗಿಸಿ ಮತ್ತೆ ಮೂರು.

ನನ್ನ 140 ಡಾಲರಿನದು 16 ಇಂಚು ಎತ್ತಿತು. ಗೆರೆಯಿಂದ ಬಲಕ್ಕೆ ಒಂದು ಇಂಚು ವಾಲಿತ್ತು. ವಾಪಸ್ ತಂದಾಗ ಸೊನ್ನೆ ಎರಡು ಇಂಚು ಆಚೆ. ಎತ್ತುವುದರಲ್ಲೇ ನೂರಕ್ಕೆ ಹನ್ನೊಂದು ಪಾಲು ಮೋಸ. 7 ಮ್ಯಾಗ್‌ಗೆ 500 ಗಜದಲ್ಲಿ ಸುಮಾರು 2.4 ಮಿಲ್ ಎತ್ತಬೇಕಾಗುತ್ತದೆ. ಅಲ್ಲಿ ಒಂದು ಮಿಲ್ 18 ಇಂಚು. ಅಂದರೆ ಬರೀ ಸ್ಕೋಪಿನ ಸುಳ್ಳಿಗೇ ಐದು ಇಂಚು ಹೋಯಿತು. ಸೊನ್ನೆಯ ಎರಡಿಂಚು ಅಲ್ಲಿ ಹತ್ತಿಂಚು. ಆ ಹೆಣ್ಣು ಎಲ್ಕ್ ಬದುಕಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಅದರ ಬದಲು ಹಾಕಿದ್ದು ಎಸ್‌ಡಬ್ಲ್ಯೂಎಫ್‌ಎಯವರ 6×42, 300 ಡಾಲರ್. ಝೂಮ್ ಇಲ್ಲ, ಆರೇ ಪಟ್ಟು. ನೋಡಿದವರೆಲ್ಲ ನಕ್ಕರು. ಕುದುರೆಯಷ್ಟು ದೊಡ್ಡ ಪ್ರಾಣಿಗೆ 500 ಗಜದಲ್ಲಿ ಆರು ಪಟ್ಟು ಸಾಕು, ಕಾಡಿನೊಳಗೆ ಐವತ್ತು ಗಜದಲ್ಲಿ ಎದುರಾದರೂ ಕಣ್ತುಂಬ ಬರೀ ಕೂದಲು ಕಾಣುವುದಿಲ್ಲ. 5 ಮಿಲ್ ಕೇಳಿದರೆ 18 ಇಂಚೇ ಕೊಡುತ್ತದೆ. ಝೂಮ್ ಬೇಕೇಬೇಕು ಅನ್ನುವವರು ಇನ್ನೂ ಇನ್ನೂರೈವತ್ತು ಮುನ್ನೂರು ಸೇರಿಸಬೇಕು. ಮಿಲ್ ಒಳ್ಳೆಯದೋ ಎಂಒಎ (ಇನ್ನೊಂದು ಕೋನದ ಅಳತೆ, 100 ಗಜದಲ್ಲಿ ಸುಮಾರು ಒಂದು ಇಂಚು) ಒಳ್ಳೆಯದೋ ಅಂತ ಕೇಳಬೇಡಿ. ಮೀಟರಿನಲ್ಲಿ ಓದಿ ಬೆಳೆದ ತಲೆಗೆ ಮಿಲ್ ಸುಲಭ: ನೂರು ಮೀಟರಿಗೆ ಹತ್ತು ಸೆಂಟಿಮೀಟರ್, ಒಂದು ಕ್ಲಿಕ್ಕಿಗೆ ಒಂದು. ತಿರುಗಣೆ, ಒಳಗಿನ ಗೆರೆ ಎರಡೂ ಒಂದೇ ಅಳತೆಯದ್ದಾಗಿರಲಿ, ಅಷ್ಟೇ.

ಸ್ಕೋಪನ್ನು ಕೋವಿಗೆ ಹಿಡಿದಿಡುವ ಬೇಸ್, ರಿಂಗ್ ಅಗ್ಗದ್ದು ಹಾಕಬೇಡಿ. ಕೈಯಳತೆಯಲ್ಲಿ ತಿರುಪು ಬಿಗಿ ಮಾಡಲೂಬೇಡಿ. ಇಂಚ್-ಪೌಂಡ್ ತೋರಿಸುವ ಟಾರ್ಕ್ ರೆಂಚ್ ಒಂದನ್ನು ಎರವಲು ತನ್ನಿ. ರಿಂಗಿನ ತಿರುಪುಗಳಿಗೆ ಸಾಮಾನ್ಯವಾಗಿ 15ರಿಂದ 18, ತಯಾರಕರ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಸರಿ. ಜಾಸ್ತಿ ಬಿಗಿದರೆ ಸ್ಕೋಪಿನ ಕೊಳವೆ ಅಮುಕಿ ಒಳಗಿನ ಯಂತ್ರ ಹಿಡಿದುಕೊಳ್ಳುತ್ತದೆ.

ಕೋವಿಯನ್ನು ನಾವೇ ಕಟ್ಟಿದರೆ ಅಗ್ಗವಾಗುವುದಿಲ್ಲವೇ ಅಂತ ಹುಡುಗ ಕೇಳಿದ. ಆಗುವುದಿಲ್ಲ. ಸ್ಯಾವೇಜಿನ ನಳಿಗೆ ಒಂದು ದೊಡ್ಡ ನಟ್ಟಿನಿಂದ ಕೂತಿರುತ್ತದೆ, ಹಾಗಾಗಿ ತಯಾರು ನಳಿಗೆ ತಂದು ಗೋ, ನೋ-ಗೋ ಗೇಜ್ ಹಿಡಿದು ಹೊಂದಿಸಬಹುದು: ಗೋ ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಬೋಲ್ಟಿಗೂ ತೋಟಾಕ್ಕೂ ನಡುವಿನ ಈ ಅಂತರ ತಪ್ಪಿದರೆ ತೋಟಾದ ಹಿತ್ತಾಳೆ ನಿಮ್ಮ ಮುಖದ ಹತ್ತಿರವೇ ಒಡೆಯುತ್ತದೆ, ಸಂಶಯವಿದ್ದರೆ ಗನ್‌ಸ್ಮಿತ್ ಕೈಗೆ ಕೊಡಿ. ಆದರೆ ಲೆಕ್ಕ ಹಾಕಿ: ಹಳೆ ಕೋವಿ 400, ನಳಿಗೆ 400, ಗೇಜು ಸಲಕರಣೆ 150, ಹಿಡಿ ಬದಲಿಸುವ ಆಸೆ ಹುಟ್ಟದೇ ಇರದು, ಅದಕ್ಕೆ ಇನ್ನೊಂದು ಮುನ್ನೂರು. .30-06 ಕೋವಿಯನ್ನು ಮ್ಯಾಗ್ನಮ್ ಮಾಡುತ್ತೇನೆಂದರೆ ಬೋಲ್ಟಿನ ತಲೆಯೂ ಬದಲಾಗಬೇಕು, ಮ್ಯಾಗ್ನಮ್ ತೋಟಾದ ಬುಡ ದಪ್ಪ. ಅಷ್ಟು ದುಡ್ಡಿಗೆ ಹೊಸ ಟಿಕ್ಕಾ ಬಂದು ಮಿಗುತ್ತದೆ. ಕಟ್ಟುವ ಖುಷಿಗೆ ಕಟ್ಟಿ, ಉಳಿತಾಯಕ್ಕೆ ಬೇಡ. ನನ್ನ ನಳಿಗೆ ಸವೆದ ದಿನ ನಾನೂ ಕಟ್ಟುವವನೇ.

ನನ್ನ ಖರ್ಚು ಹೀಗಾಯಿತು: ಕೋವಿ 520, ಸ್ಕೋಪ್ 300, ಬೇಸ್ ರಿಂಗ್ 90, ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್ ಸೆಕೆಂಡ್ ಹ್ಯಾಂಡ್ 170. ಒಟ್ಟು 1080. ಉಳಿದದ್ದರಲ್ಲಿ ಐವತ್ತು ಡಾಲರಿನ ಎಂಟು ಪೆಟ್ಟಿಗೆ ತೋಟಾ, ಒಂದೇ ಲಾಟ್ ನಂಬರಿನವು. ನೂರಅರವತ್ತು ಈಡು. ಮೊದಲ ವರ್ಷ ನಲವತ್ತು ತೋಟಾ ಇದ್ದವನ ಕೈಗೂ ಈ ವರ್ಷದ ಕೈಗೂ ಇರುವ ವ್ಯತ್ಯಾಸ ಆ ಎಂಟು ಪೆಟ್ಟಿಗೆಯದ್ದು. ಮೇಜಿನ ಮೇಲೆ ಮೂರು ಈಡಿನ ಗುಂಪು ಹೊಡೆದು ಮುಕ್ಕಾಲು ಇಂಚು ಅಂತ ಹಿಗ್ಗಬೇಡಿ, ಹತ್ತು ಈಡು ಹೊಡೆದು ನೋಡಿ. ಹತ್ತೂ ಒಂದೂವರೆ ಎಂಒಎ ಒಳಗೆ ಕೂತರೆ 500 ಗಜದಲ್ಲಿ ಎಂಟು ಇಂಚಿನ ವೃತ್ತ. ಎಲ್ಕಿನ ಎದೆಗೂಡಿನ ಗುರಿ ಸುಮಾರು ಹದಿನೈದು ಇಂಚು. ಕೋವಿ ತನ್ನ ಕೆಲಸ ಮಾಡಿತು.

ನಿಮ್ಮನ್ನು ಸೋಲಿಸುವುದು ಗಾಳಿ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಆ 162 ಗ್ರೇನಿನ ಗುಂಡನ್ನು 500 ಗಜದಲ್ಲಿ ಹದಿನೈದು ಇಂಚಿನಷ್ಟು ತಳ್ಳುತ್ತದೆ. ನೀವು ಆರು ಅಂದುಕೊಂಡ ಗಾಳಿ ಹತ್ತಾಗಿದ್ದರೆ ಆರು ಇಂಚು ತಪ್ಪು, ಎದೆಗೆ ಹೋಗಬೇಕಾದ್ದು ಹೊಟ್ಟೆಗೆ. ಅದಕ್ಕೇ ಮೇಜು ಬಿಟ್ಟು ಹೊರಗೆ ಬನ್ನಿ. ನಮ್ಮ ಊರಿನ ಸುತ್ತ ಬಿಎಲ್ಎಂ (ಫೆಡರಲ್ ಸರ್ಕಾರದ ಭೂ ಇಲಾಖೆ) ಜಮೀನಿದೆ, ಗುಂಡು ಹಾರಿಸಲು ಅವಕಾಶವಿರುವ ಜಾಗದಲ್ಲಿ, ಹಿಂದೆ ಮಣ್ಣಿನ ದಿಬ್ಬ ನೋಡಿಕೊಂಡು, ಹತ್ತು ಇಂಚಿನ ಕಾಗದದ ತಟ್ಟೆ ನಿಲ್ಲಿಸುತ್ತೇನೆ. ಬೆನ್ನಚೀಲ ನೆಲಕ್ಕಿಟ್ಟು ಅದರ ಮೇಲೆ ಕೋವಿ. ತಣ್ಣಗಿನ ನಳಿಗೆಯಿಂದ ದಿನಕ್ಕೆ ಒಂದೇ ಈಡಿನ ಲೆಕ್ಕ, ಪುಸ್ತಕದಲ್ಲಿ ಬರೆದಿಡುತ್ತೇನೆ. ಹತ್ತು ದಿನದಲ್ಲಿ ಹತ್ತೂ ತಟ್ಟೆಗೆ ಬಿದ್ದ ದೂರವೇ ಆ ವರ್ಷದ ನನ್ನ ಮಿತಿ. ಮಲಗಿಕೊಂಡು 400 ಗಜ. ಕೂತು 250. ಕೋವಿ ಐನೂರಕ್ಕೆ ಆಗುತ್ತದೆ, ನಾನು ಇನ್ನೂ ಆಗಿಲ್ಲ.

ಎತ್ತರದ್ದೂ ಒಂದು ಲೆಕ್ಕವಿದೆ. ಗ್ರ್ಯಾಂಡ್ ಜಂಕ್ಷನ್ 4600 ಅಡಿಯಲ್ಲಿದೆ, ಶಿಕಾರಿ ಗ್ರ್ಯಾಂಡ್ ಮೇಸಾ ಬೆಟ್ಟದ ಮೇಲೆ ಹತ್ತು ಸಾವಿರದ ಆಸುಪಾಸು. ಅಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಕಾಲುಭಾಗ ತೆಳು, ಗುಂಡು ಕಡಿಮೆ ಬೀಳುತ್ತದೆ. ತೋಟಾ ಪೆಟ್ಟಿಗೆಯ ಮೇಲಿನ ಕೋಷ್ಟಕ ನಂಬಿದರೆ ಮೇಲೆ ಹೊಡೆಯುತ್ತೀರಿ. ಗುಂಡು ಎಷ್ಟು ಬೀಳುತ್ತದೆಂದು ಲೆಕ್ಕ ಹಾಕುವ ಫೋನಿನ ಬ್ಯಾಲಿಸ್ಟಿಕ್ ಆ್ಯಪಿಗೆ ಅಲ್ಲಿನ ಎತ್ತರ, ಉಷ್ಣಾಂಶ ಹಾಕಿ ಕೋಷ್ಟಕ ಮಾಡಿ, ಚೀಟಿಯಲ್ಲಿ ಬರೆದು ಕೋವಿಯ ಹಿಡಿಗೆ ಅಂಟಿಸಿ. ಆ ಚಳಿಗೆ ಫೋನು ಕೈಕೊಡುತ್ತದೆ. ಆ್ಯಪ್ ಕೇಳುವ ಗುಂಡಿನ ವೇಗವನ್ನು ಯಾರದ್ದಾದರೂ ಕ್ರೋನೋಗ್ರಾಫ್ ತಂದು ನಿಮ್ಮ ಕೋವಿಯಲ್ಲೇ ಅಳೆಯಿರಿ. ಕಡಿದಾದ ಇಳಿಜಾರಿಗೆ ಹೊಡೆಯುವಾಗ ಅಡ್ಡದೂರವೇ ಲೆಕ್ಕ: 30 ಡಿಗ್ರಿ ಕೋನದಲ್ಲಿ 400 ಗಜ ಅಂತ ಲೇಸರ್ ತೋರಿಸಿದರೆ 346ಕ್ಕೆ ತಿರುಗಿಸಿ.

ಹೊರಡುವ ದಿನಕ್ಕೆ ಕೆಲವು ಮಾತು. ಸೊಂಟದ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ, ತಲೆಗೂ ಅದೇ ಬಣ್ಣದ ಟೋಪಿ, ಇದು ಕಾನೂನು. ಗಾಡಿಯಲ್ಲಿ ಕೋವಿಯ ಚೇಂಬರಿನಲ್ಲಿ, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗದಲ್ಲಿ, ತೋಟಾ ಇರಕೂಡದು. ಕಲ್ಲುದಾರಿಯಲ್ಲಿ ಎರಡು ಗಂಟೆ ಕುಲುಕಿ ಕ್ಯಾಂಪ್ ಮುಟ್ಟಿದ ಸಂಜೆ, ಸೀಸನ್ ಶುರುವಾಗುವ ಹಿಂದಿನ ದಿನ, 100 ಗಜಕ್ಕೆ ತಟ್ಟೆ ನಿಲ್ಲಿಸಿ ಒಂದೇ ಈಡು ಹೊಡೆದು ಸೊನ್ನೆ ಅಲ್ಲೇ ಇದೆಯಾ ನೋಡಿಕೊಳ್ಳಿ. ಆಮೇಲೆ ನಳಿಗೆಯ ಮೂತಿಗೆ ಒಂದು ಪದರ ಇನ್ಸುಲೇಶನ್ ಟೇಪ್ ಸುತ್ತಿ, ಹಿಮ ಮಣ್ಣು ಒಳಗೆ ಹೋಗದಂತೆ. ಈಡು ಹಾರಿಸುವಾಗ ತೆಗೆಯುವುದು ಬೇಡ; ಗುಂಡಿಗಿಂತ ಮುಂಚೆ ನಳಿಗೆಯೊಳಗಿನ ಗಾಳಿಯೇ ಅದನ್ನು ಹಾರಿಸುತ್ತದೆ. ಉಳಿದ ಟೇಪನ್ನು ನಾನು ಹಿಡಿಗೇ ಸುತ್ತಿಟ್ಟಿರುತ್ತೇನೆ, ಮರುದಿನಕ್ಕೆ.